ಬರವಣಿಗೆಯ ಸ್ನಾತಕೋತ್ತರ ಪದವಿ: ಗಡಿನಾಡಿನ ವಿದ್ಯಾರ್ಥಿ ತಿಳಿದಿರಬೇಕಾದದ್ದು

ಪದವಿ ಪರೀಕ್ಷೆಯ ಫಲಿತಾಂಶ ಬಂದ ದಿನಗಳಲ್ಲಿ ಕಾಸರಗೋಡು, ಮಂಜೇಶ್ವರದ ಕನ್ನಡ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ಏಳುತ್ತದೆ. ಕಥೆ ಬರೆಯುವ ಮಗಳು ಬರವಣಿಗೆಯನ್ನೇ ಮುಂದೆ ಓದುತ್ತೇನೆ ಎನ್ನುತ್ತಾಳೆ. ಓದಿ ಏನಾಗುತ್ತೀ ಎಂದು ಹೆತ್ತವರು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ.

ಸೃಜನಶೀಲ ಬರವಣಿಗೆಗೆ ವಿಶ್ವವಿದ್ಯಾನಿಲಯದಲ್ಲಿ ಗಟ್ಟಿಯಾದ ನೆಲೆ ದೊರೆತದ್ದು ಅಮೆರಿಕದಲ್ಲಿ. ಅಯೋವಾ ವಿಶ್ವವಿದ್ಯಾನಿಲಯದ ಬರಹಗಾರರ ಕಾರ್ಯಾಗಾರ 1936ರಲ್ಲಿ ಆರಂಭವಾಯಿತು; ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯ 1970ರಲ್ಲಿ ಅದೇ ಹಾದಿ ಹಿಡಿಯಿತು. ಕಲಿಕೆಯ ಕ್ರಮ ಸರಳ. ವಿದ್ಯಾರ್ಥಿ ತನ್ನ ಕಥೆಯನ್ನು ಸಹಪಾಠಿಗಳಿಗೆ ಮುಂಚಿತವಾಗಿ ಹಂಚುತ್ತಾನೆ. ತರಗತಿಯಲ್ಲಿ ಅವರು ಅದನ್ನು ಬಿಡಿಸಿ ಚರ್ಚಿಸುವಾಗ ಬರೆದವನು ಬಾಯಿ ತೆರೆಯದೆ ಕೇಳುತ್ತಾನೆ. ಹಿರಿಯ ಅರ್ಥಧಾರಿಗಳ ಪಕ್ಕದಲ್ಲಿ ಕುಳಿತು ತಾಳಮದ್ದಳೆ ಕಲಿತವರಿಗೆ ಈ ಶಿಸ್ತು ತೀರಾ ಅಪರಿಚಿತವಲ್ಲ. ಅಲ್ಲಿನ ಎಂ.ಎಫ್.ಎ. ಪದವಿಯನ್ನು ಆ ವಿಷಯದ ಅತ್ಯುನ್ನತ ಪದವಿಯೆಂದೇ ಪರಿಗಣಿಸುವುದರಿಂದ ಅದರ ಆಧಾರದಲ್ಲಿ ಕಾಲೇಜಿನಲ್ಲಿ ಬೋಧಿಸಬಹುದು.

ನಮ್ಮಲ್ಲಿ ಹಾಗಿಲ್ಲ. ಯು.ಜಿ.ಸಿ.ಯ ನೆಟ್ ಪರೀಕ್ಷೆಯ ಪಟ್ಟಿಯಲ್ಲಿ ಕನ್ನಡವಿದೆ, ಮಲಯಾಳಂ ಇದೆ, ಇಂಗ್ಲಿಷ್ ಇದೆ. ಸೃಜನಶೀಲ ಬರವಣಿಗೆ ಎಂಬ ವಿಷಯವಿಲ್ಲ. ತಿರೂರಿನ ಮಲಯಾಳಂ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯ ರಚನೆಯ ಎಂ.ಎ. ಇದೆ, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ ಇಂಗ್ಲಿಷಿನಲ್ಲಿ ಡಿಪ್ಲೊಮಾ ನೀಡುತ್ತದೆ. ಗಡಿನಾಡಿನ ಕನ್ನಡ ವಿದ್ಯಾರ್ಥಿಯ ಕೈಗೆ ಸುಲಭವಾಗಿ ಎಟಕುವುದು ಕಾಸರಗೋಡು ಸರಕಾರಿ ಕಾಲೇಜಿನಂತಹ ಕಡೆಯ ಕನ್ನಡ ಎಂ.ಎ. ಅಲ್ಲಿ ಓದುವುದು ಹಳಗನ್ನಡ, ಛಂದಸ್ಸು, ಕಾವ್ಯಮೀಮಾಂಸೆ. ಕಥೆಗಾರನಾಗಬೇಕೆಂದವನಿಗೆ ಇದು ಸುತ್ತು ದಾರಿಯೆನಿಸಬಹುದು. ನನ್ನ ಅಭಿಪ್ರಾಯದಲ್ಲಿ ಅದೇ ಉತ್ತಮ ದಾರಿ.

ಕಾರಣ ಅನ್ನದ್ದು. ಕನ್ನಡ ಎಂ.ಎ.ಯಲ್ಲಿ ಶೇ. 55 ಅಂಕವಿದ್ದರೆ (ಮೀಸಲಾತಿ ವರ್ಗಗಳಿಗೆ ಶೇ. 50) ನೆಟ್ ಬರೆಯಬಹುದು. ಜೆ.ಆರ್.ಎಫ್. ಲಭಿಸಿದರೆ ಸಂಶೋಧನೆಯ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ದೊರೆಯುತ್ತದೆ. 2023ರ ಜನವರಿಯಿಂದ ಈ ದರ ಜಾರಿಯಲ್ಲಿದೆ. ಬಿ.ಎಡ್. ಮತ್ತು ಸೆಟ್ ಸೇರಿದರೆ ಕೇರಳದ ಹೈಯರ್ ಸೆಕೆಂಡರಿ ಶಾಲೆಗಳ ಬಾಗಿಲು ತೆರೆಯುತ್ತದೆ. ಕನ್ನಡ ಶಾಲೆಗಳಿಗೆ ಕನ್ನಡ ಬಾರದವರನ್ನು ನೇಮಿಸಿದ್ದರ ವಿರುದ್ಧ ಇಲ್ಲಿ ಹಲವು ಬಾರಿ ಹೋರಾಟ ನಡೆದಿದೆ. ಅರ್ಹ ಕನ್ನಡಿಗರು ಸಾಲಿನಲ್ಲಿ ನಿಂತಿದ್ದರೆ ಮಾತ್ರ ಆ ಹೋರಾಟಕ್ಕೆ ಬಲ.

ಇನ್ನೊಂದು ಬಂಡವಾಳ ನಮ್ಮ ಎರಡು ಭಾಷೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ ಆಡಿ ಬೆಳೆದವರಿಗೆ ಅನುವಾದ ಸಹಜ ಕಸುಬು. ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳಿಗೆ, ಸರಕಾರಿ ಕಡತಗಳಿಗೆ, ಪ್ರಕಾಶಕರಿಗೆ ಇಂಥವರು ಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡುಗಳಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿಯವರ ಪಾಲಾಯಿತು. ಅಂಥ ಭಾಗ್ಯ ಅಪರೂಪ. ಸಾಮಾನ್ಯವಾಗಿ ಅನುವಾದದ ಸಂಭಾವನೆ ಸಣ್ಣದು, ತಡವಾಗಿ ಬರುವಂಥದ್ದು.

ಮೂವತ್ತು ತುಂಬದ ಬರಹಗಾರರು ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುವ ಪಿ.ಎಂ. ಯುವ ಯೋಜನೆಯನ್ನು ಗಮನಿಸಬೇಕು. ಆಯ್ಕೆಯಾದವರಿಗೆ ಆರು ತಿಂಗಳ ಕಾಲ ಮಾಸಿಕ 50,000 ರೂಪಾಯಿ ಮತ್ತು ಹಿರಿಯರ ಮಾರ್ಗದರ್ಶನ ಲಭಿಸುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಬರೆಯುವ ಭಾಷೆ, ವಾಸಿಸುವ ರಾಜ್ಯವಲ್ಲ.

ಬರವಣಿಗೆಯೊಂದರಿಂದಲೇ ಬದುಕಿದವರು ನಮ್ಮ ಹಿರಿಯರಲ್ಲಿಯೂ ಕಡಿಮೆ. ಕಯ್ಯಾರ ಕಿಞ್ಞಣ್ಣ ರೈಗಳು ಶಾಲಾ ಅಧ್ಯಾಪಕರಾಗಿದ್ದರು, ಕೃಷಿಕರಾಗಿದ್ದರು. ಕಾರಡ್ಕದ ಕೆ.ವಿ. ತಿರುಮಲೇಶರು ಹೈದರಾಬಾದಿನಲ್ಲಿ ಪಾಠ ಹೇಳುತ್ತಲೇ ಕಾವ್ಯ ಕಟ್ಟಿದರು. ಬಾನು ಮುಷ್ತಾಕ್ ವಕೀಲರು.

ಇಷ್ಟಾದ ಮೇಲೆಯೂ ಬರವಣಿಗೆಯ ಪ್ರತ್ಯೇಕ ಪದವಿಯನ್ನೇ ಆಯ್ದುಕೊಳ್ಳುವವರು ಒಂದು ಕೆಲಸ ಮಾಡಲಿ. ಆ ಪದವಿಯನ್ನು ಭಾಷಾ ಎಂ.ಎ.ಗೆ ಸಮಾನವೆಂದು ಕೇರಳ ಲೋಕಸೇವಾ ಆಯೋಗ ಅಂಗೀಕರಿಸಿದೆಯೇ ಎಂದು, ಶುಲ್ಕ ಕಟ್ಟುವ ಮುನ್ನ, ಬರಹದಲ್ಲಿ ಕೇಳಿ ಉತ್ತರ ಪಡೆದುಕೊಳ್ಳಲಿ.