ಸೀಮೆಸುಣ್ಣ ಜೂನಿಯರ್ ಕೈಯಲ್ಲಿ

ಪ್ರತಿ ಕಾಲೇಜಿನಲ್ಲೂ ಹುಡುಗರ ನಿದ್ದೆಗೆಡಿಸುವ ವಿಷಯವೊಂದು ಇದ್ದೇ ಇರುತ್ತದೆ. ಎಂಜಿನಿಯರಿಂಗ್‌ನಲ್ಲಿ ಅದು ಮೊದಲ ವರ್ಷದ ಗಣಿತ, ಬಿ.ಎಸ್ಸಿ.ಯಲ್ಲಿ ಸಾವಯವ ರಸಾಯನಶಾಸ್ತ್ರ, ಬಿ.ಕಾಂ.ನಲ್ಲಿ ಕಾಸ್ಟ್ ಅಕೌಂಟಿಂಗ್ ಇರಬಹುದು. ಬ್ಯಾಚುಗಳು ಬದಲಾಗುತ್ತವೆ, ಪಾಠ ಮಾಡುವವರೂ ಬದಲಾಗುತ್ತಾರೆ. ಆ ವಿಷಯದಲ್ಲಿ ಫೇಲಾಗುವವರ ಸಂಖ್ಯೆ ಮಾತ್ರ ಹೆಚ್ಚೂಕಡಿಮೆ ಇದ್ದಲ್ಲೇ ಇರುತ್ತದೆ. ಇದಕ್ಕೆ ನಮ್ಮ ಕಾಲೇಜುಗಳಿಗೆ ಗೊತ್ತಿರುವ ಪರಿಹಾರವೆಂದರೆ ಮೊದಲ ಇಂಟರ್ನಲ್ಸ್ ಮುಗಿದ ಮೇಲೆ ‘ಸ್ಲೋ ಲರ್ನರ್ಸ್’ ಪಟ್ಟಿ ಮಾಡಿ, ಸಂಜೆ ರೆಮಿಡಿಯಲ್ ಕ್ಲಾಸ್ ಇಡುವುದು. ನಿಧಾನ ಕಲಿಯುವವರಿಗೆ ಏನು ಮಾಡಿದ್ದೀರಿ ಎಂದು ನ್ಯಾಕ್ ಮಾನ್ಯತೆಯ ವರದಿಯಲ್ಲೂ ಕೇಳಿದ್ದುಂಟು. ಹಾಗಾಗಿ ಪಟ್ಟಿ ತಪ್ಪದೆ ತಯಾರಾಗುತ್ತದೆ. ಅದರಲ್ಲಿ ಹೆಸರಿದ್ದ ಹುಡುಗ ಮಾತ್ರ ಗೆಳೆಯರ ಕಣ್ಣು ತಪ್ಪಿಸಿ ಆ ಕ್ಲಾಸಿಗೆ ಹೋಗುತ್ತಾನೆ, ಇಲ್ಲವೇ ಹೋಗುವುದೇ ಇಲ್ಲ.

ಅಮೆರಿಕದ ಮಿಸೌರಿ ರಾಜ್ಯದ ಕನ್ಸಾಸ್ ಸಿಟಿಯಲ್ಲಿ 1970ರ ದಶಕದ ಆರಂಭದಲ್ಲಿ ಇದೇ ತೊಡಕು ಎದುರಾಯಿತು. ಅಲ್ಲಿನ ಖಾಸಗಿ ವಿಶ್ವವಿದ್ಯಾಲಯ 1963ರಲ್ಲಿ ರಾಜ್ಯದ ವ್ಯವಸ್ಥೆಗೆ ಸೇರಿತ್ತು, ಅದರೊಂದಿಗೆ ಬೇರೆ ಬೇರೆ ಹಿನ್ನೆಲೆಯ ವಿದ್ಯಾರ್ಥಿಗಳೂ ಬಂದಿದ್ದರು. ವೈದ್ಯಕೀಯ, ದಂತವೈದ್ಯಕೀಯ ಮತ್ತು ಫಾರ್ಮಸಿ ವಿಭಾಗಗಳಲ್ಲಿ ಅಲ್ಪಸಂಖ್ಯಾತ ಸಮುದಾಯದ ವಿದ್ಯಾರ್ಥಿಗಳು ಓದು ಅರ್ಧಕ್ಕೆ ಬಿಡುವುದು ಹೆಚ್ಚಾಗಿತ್ತು. ಇದಕ್ಕೊಂದು ದಾರಿ ಹುಡುಕುವ ಕೆಲಸ ಆ ವಿಶ್ವವಿದ್ಯಾಲಯದ ಡಿಯಾನಾ ಮಾರ್ಟಿನ್ ಎಂಬುವರ ಪಾಲಿಗೆ ಬಂತು. ಕೈಗೆ ಸಿಕ್ಕ ಅನುದಾನ 7,000 ಡಾಲರ್. ಒಬ್ಬೊಬ್ಬರಿಗೂ ಟ್ಯೂಷನ್ ಕೊಡಿಸುವಷ್ಟು ಹಣ ಅದಾಗಿರಲಿಲ್ಲ. ಕೊಡಿಸಿದರೂ ಹುಡುಗರು ಟ್ಯೂಟರ್ ಬಾಗಿಲು ತಟ್ಟುವುದು ಫೇಲಾದ ಮೇಲೆಯೇ.

ಮಾರ್ಟಿನ್ ಪಟ್ಟಿಯ ದಿಕ್ಕನ್ನೇ ತಿರುಗಿಸಿದರು. ಯಾವ ವಿದ್ಯಾರ್ಥಿ ದುರ್ಬಲ ಎಂದು ಹುಡುಕುವ ಬದಲು ಯಾವ ವಿಷಯ ಕಠಿಣ ಎಂದು ಹುಡುಕಿದರು. ಮುಂದೆ ಇದೊಂದು ಲೆಕ್ಕವಾಗಿ ನಿಂತಿತು: ಒಂದು ಕೋರ್ಸಿನಲ್ಲಿ ಶೇಕಡಾ 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ‘ಡಿ’ ದರ್ಜೆ ಪಡೆದರೆ, ಫೇಲಾದರೆ ಅಥವಾ ನಡುವೆ ಕೈಬಿಟ್ಟರೆ ಅದು ಕಠಿಣ ಕೋರ್ಸು. ಅಲ್ಲಿ ಸಹಾಯ ಎಲ್ಲರಿಗೂ ಇರುತ್ತದೆ, ಮೊದಲ ವಾರದಿಂದಲೇ ಇರುತ್ತದೆ. ತೊಂಬತ್ತು ಅಂಕ ತೆಗೆಯುವವಳೂ ಬರಬಹುದು, ಮೂವತ್ತೈದಕ್ಕೆ ಒದ್ದಾಡುವವನೂ ಬರಬಹುದು. ಒಳಗೆ ಕೂತವರಲ್ಲಿ ಯಾರು ಜಾಣರು, ಯಾರು ಹಿಂದುಳಿದವರು ಎಂದು ಕಿಟಕಿಯಲ್ಲಿ ಇಣುಕಿದವರಿಗೆ ತಿಳಿಯುವುದಿಲ್ಲ. ಈ ಯೋಜನೆಯ ಜೀವಾಳ ಇದೇ. 1973ರಲ್ಲಿ ಶುರುವಾದ ಇದಕ್ಕೆ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಎಂಬ ಹೆಸರು ಬಂತು. 1981ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಇದನ್ನು ಮಾದರಿ ಕಾರ್ಯಕ್ರಮವೆಂದು ಗುರುತಿಸಿತು.

ವ್ಯವಸ್ಥೆ ಸರಳವಾಗಿದೆ. ಅದೇ ಕೋರ್ಸನ್ನು ಒಳ್ಳೆಯ ಅಂಕ ಪಡೆದು ಮುಗಿಸಿದ ಸೀನಿಯರ್ ಒಬ್ಬರನ್ನು ಲೀಡರ್ ಆಗಿ ಆರಿಸುತ್ತಾರೆ. ಆ ಲೀಡರ್ ಜೂನಿಯರ್‌ಗಳ ಜೊತೆ ಅದೇ ಕ್ಲಾಸಿನಲ್ಲಿ ಮತ್ತೊಮ್ಮೆ ಕೂತು ಪಾಠ ಕೇಳಬೇಕು, ನೋಟ್ಸ್ ಬರೆಯಬೇಕು. ಆಮೇಲೆ ವಾರಕ್ಕೆ ಸಾಮಾನ್ಯವಾಗಿ ಮೂರು ಸಲ, ಸುಮಾರು ಒಂದೊಂದು ಗಂಟೆ, ಬಂದವರನ್ನು ಕೂರಿಸಿಕೊಂಡು ಸೆಷನ್ ನಡೆಸಬೇಕು. ಬರಲೇಬೇಕೆಂಬ ಒತ್ತಾಯ ಯಾರಿಗೂ ಇಲ್ಲ. ಲೀಡರ್ ಅಂಕ ಹಾಕುವುದಿಲ್ಲ, ಯಾರು ಏನು ತಪ್ಪು ಮಾಡಿದರು ಎಂದು ಅಧ್ಯಾಪಕರಿಗೆ ವರದಿ ಒಪ್ಪಿಸುವುದಿಲ್ಲ. ಈ ಕೆಲಸಕ್ಕೆ ಅನೇಕ ವಿಶ್ವವಿದ್ಯಾಲಯಗಳು ಲೀಡರ್‌ಗೆ ಸಂಬಳ ಕೊಡುತ್ತವೆ. ಲೀಡರ್‌ಗಳನ್ನು ಆರಿಸಿ, ತರಬೇತಿ ಕೊಟ್ಟು, ಅವರ ಸೆಷನ್‌ನಲ್ಲಿ ಹಿಂದೆ ಕೂತು ಗಮನಿಸುವ ಮೇಲ್ವಿಚಾರಕರೊಬ್ಬರು ಇರುತ್ತಾರೆ.

ಕಟ್ಟುನಿಟ್ಟಾದ ನಿಯಮ ಒಂದೇ: ಲೀಡರ್ ಪಾಠ ಮಾಡಬಾರದು.

ಪಾಠ ಮಾಡದೆ ಒಂದು ಗಂಟೆ ಏನು ಮಾಡುತ್ತಾರೆ? ರಸಾಯನಶಾಸ್ತ್ರದ ಸೆಷನ್ ಒಂದನ್ನು ಊಹಿಸಿಕೊಳ್ಳಿ. ಹತ್ತು ಹನ್ನೆರಡು ಹುಡುಗರು ಬೆಂಚು ತಿರುಗಿಸಿ ಎದುರುಬದುರು ಕೂತಿದ್ದಾರೆ. 4 ಗ್ರಾಂ ಹೈಡ್ರೋಜನ್ ಮತ್ತು 16 ಗ್ರಾಂ ಆಕ್ಸಿಜನ್ ಸೇರಿ ನೀರಾದರೆ ಎಷ್ಟು ಗ್ರಾಂ ನೀರು ಸಿಗುತ್ತದೆ ಎಂಬುದು ಲೆಕ್ಕ. ‘20 ಗ್ರಾಂ’ ಎನ್ನುತ್ತಾನೆ ಒಬ್ಬ. ಲೀಡರ್ ಸರಿ ಎನ್ನುವುದೂ ಇಲ್ಲ, ತಪ್ಪು ಎನ್ನುವುದೂ ಇಲ್ಲ.

‘ಹೇಗೆ ಬಂತು?’

‘ಎರಡೂ ಕೂಡಿಸಿದೆ.’

‘ಎಲ್ಲರೂ ಒಪ್ತೀರಾ?’

ಯಾರೂ ಮಾತಾಡುವುದಿಲ್ಲ. ಲೀಡರ್ ಕಾಯುತ್ತಾಳೆ. ಹಿಂದಿನಿಂದ ಒಬ್ಬಳು, ‘ಅಕ್ಕ, ಮೋಲ್‌ಗೆ ಬದಲಾಯಿಸಬೇಕಲ್ವಾ?’ ಎನ್ನುತ್ತಾಳೆ. ಸೀಮೆಸುಣ್ಣ ಅವಳ ಕೈಗೆ ಹೋಗುತ್ತದೆ. ‘ಬಾ, ಬೋರ್ಡ್ ಮೇಲೆ ಬರಿ.’ ಹೈಡ್ರೋಜನ್ ಎರಡು ಮೋಲ್, ಆಕ್ಸಿಜನ್ ಅರ್ಧ ಮೋಲ್ ಎಂದಾಗುತ್ತದೆ. ‘ಎರಡು ಮೋಲ್ ಹೈಡ್ರೋಜನ್ ಪೂರ್ತಿ ಉರಿಯೋಕೆ ಆಕ್ಸಿಜನ್ ಎಷ್ಟು ಬೇಕು?’ ‘ಒಂದು ಮೋಲ್.’ ‘ಇರೋದು?’ ‘ಅರ್ಧ.’ 20 ಎಂದಿದ್ದ ಹುಡುಗ ಅಷ್ಟರಲ್ಲಿ ತನ್ನ ಪುಸ್ತಕದಲ್ಲಿ ಹೊಡೆದುಹಾಕಿ ಬರೆದಿರುತ್ತಾನೆ: ‘ತೂಕ ಜಾಸ್ತಿ ಇದ್ರೂ ಆಕ್ಸಿಜನ್ನೇ ಮೊದಲು ಮುಗಿಯತ್ತೆ. ನೀರು 18 ಗ್ರಾಂ. 2 ಗ್ರಾಂ ಹೈಡ್ರೋಜನ್ ಹಾಗೇ ಉಳಿಯತ್ತೆ.’ ತಪ್ಪು ಮಾಡಿದವನೇ ಸರಿ ಉತ್ತರಕ್ಕೂ ಬಂದ. ಲೀಡರ್ ಒಂದೂ ಉತ್ತರ ಹೇಳಿಲ್ಲ.

ಆ ಮೌನದಲ್ಲಿ ಕಾಯುವುದು ಸುಲಭವಲ್ಲ. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದು ನೋಡಿದಂತೆ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಕಾಯುವುದು ಒಂದು ಸೆಕೆಂಡು ಮಾತ್ರ. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಲೀಡರ್‌ಗಳಿಗೆ ಸೆಮಿಸ್ಟರ್ ಶುರುವಾಗುವ ಮೊದಲು ಕೊಡುವ ಎರಡು ದಿನದ ತರಬೇತಿಯಲ್ಲಿ ಇದನ್ನೇ ಅಭ್ಯಾಸ ಮಾಡಿಸುತ್ತಾರೆ: ಕಾಯುವುದು, ತನಗೆ ಬಂದ ಪ್ರಶ್ನೆಯನ್ನು ಗುಂಪಿಗೇ ತಿರುಗಿಸುವುದು, ‘ಅರ್ಥವಾಯಿತಾ’ ಎನ್ನುವ ಬದಲು ‘ನಿನ್ನ ಮಾತಿನಲ್ಲಿ ಹೇಳು’ ಎನ್ನುವುದು.

ಕಾರ್ಯಕ್ರಮ ಕೆಡುವುದೂ ಇಲ್ಲಿಯೇ. ಲೀಡರ್‌ಗೆ ವಿಷಯ ಚೆನ್ನಾಗಿ ಗೊತ್ತು, ಕೆಳಗೆ ಕೂತವರು ‘ನೀವೇ ಮಾಡಿ ತೋರಿಸಿ’ ಎಂದು ಅಂಗಲಾಚುತ್ತಾರೆ, ನಾಳೆ ಟೆಸ್ಟ್ ಇದೆ. ಎರಡನೆಯ ವಾರಕ್ಕೇ ಆತ ಬೋರ್ಡಿನ ಮುಂದೆ ನಿಂತು ಲೆಕ್ಚರ್ ಕೊಡತೊಡಗುತ್ತಾನೆ. ಹುಡುಗರಿಗೆ ಇದು ಹಿತ, ಅವನಿಗೂ ಹೆಮ್ಮೆ. ಆದರೆ ಪರೀಕ್ಷೆಯಲ್ಲಿ ಲೆಕ್ಕ ಬಿಡಿಸಬೇಕಾದವರು ಮತ್ತೊಮ್ಮೆ ನೋಡುತ್ತ ಕೂತಂತಾಯಿತು. ಅದಕ್ಕೇ ಮೊದಲ ಕೆಲವು ವಾರ ಮೇಲ್ವಿಚಾರಕರು ಸೆಷನ್‌ಗಳಿಗೆ ಬಂದು ಕೂರಬೇಕು, ಮುಗಿದ ಕೂಡಲೇ ಲೀಡರ್ ಜೊತೆ ಮಾತಾಡಬೇಕು. ಆ ಗಂಟೆಯಲ್ಲಿ ಮಾತಾಡಿದವರು ಯಾರು, ಸೀಮೆಸುಣ್ಣ ಯಾರ ಕೈಯಲ್ಲಿತ್ತು, ಬಾಯಿ ಬಿಡದೆ ಉಳಿದವರು ಯಾರು ಎಂದು ಕೇಳಬೇಕು. ದಾಖಲೆಗೆಂದು ಹಾಜರಿ ಪುಸ್ತಕ ತುಂಬಿಸಿ, ಸೆಷನ್ ಒಳಗೆ ಒಮ್ಮೆಯೂ ಕಾಲಿಡದ ಮೇಲ್ವಿಚಾರಣೆಯಿಂದ ಏನೂ ಸುಧಾರಿಸುವುದಿಲ್ಲ.

ಜನ ಬಾರದಿರುವುದು ಎರಡನೆಯ ತೊಂದರೆ. ಕಡೆಯ ಬಸ್ಸು ಹೊರಡುವ ಹೊತ್ತಿಗೆ ಸೆಷನ್ ಇಟ್ಟರೆ ಹಳ್ಳಿಯಿಂದ ಬರುವವರು ಉಳಿಯುವುದಿಲ್ಲ. ಆದ್ದರಿಂದ ಮೊದಲ ದಿನವೇ ಕ್ಲಾಸಿನಲ್ಲಿ ಚೀಟಿ ಹಂಚಿ ಯಾವ ಸಮಯ ಅನುಕೂಲ ಎಂದು ಕೇಳುವುದು ಈ ಪದ್ಧತಿಯ ಭಾಗ. ಅಧ್ಯಾಪಕರ ಒಂದು ಮಾತಿಗೂ ದೊಡ್ಡ ಬೆಲೆಯಿದೆ. ‘ಎಲ್ಲರೂ ಹೋಗಿ, ಉಪಯೋಗ ಆಗುತ್ತೆ’ ಎಂದು ಅವರು ಹೇಳಿದರೆ ಹುಡುಗರು ಹೋಗುತ್ತಾರೆ, ‘ಅರ್ಥ ಆಗದವರು ಹೋಗಿ’ ಎಂದರೆ ಆ ಕೋಣೆಗೆ ದಡ್ಡರ ಮುದ್ರೆ ಬೀಳುತ್ತದೆ. ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳು ಈ ಪದ್ಧತಿಯನ್ನು ‘ಪಾಸ್’ ಎಂಬ ಚುಟುಕು ಹೆಸರಿನಿಂದ ಕರೆಯುತ್ತವೆ. ಸ್ವೀಡನ್ನಿನ ಲುಂಡ್‌ನಲ್ಲಿ 1994ರಿಂದ ಇದು ನಡೆಯುತ್ತಿದೆ, ಯುರೋಪಿಗೆಲ್ಲ ತರಬೇತಿ ಕೊಡುವ ಕೇಂದ್ರವೂ ಅಲ್ಲಿದೆ.

ಜೊತೆಯಾಗಿ ಓದುವುದರ ಬಗ್ಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞ ಯೂರಿ ಟ್ರೈಸ್‌ಮನ್ ಕಂಡುಕೊಂಡದ್ದನ್ನೂ ಇಲ್ಲಿ ಹೇಳಬೇಕು. 1970ರ ದಶಕದಲ್ಲಿ ಅಲ್ಲಿ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಸೋಲುತ್ತಿದ್ದರು, ಚೀನೀ ಮೂಲದವರು ಗೆಲ್ಲುತ್ತಿದ್ದರು. ಓದುವ ಆಸಕ್ತಿ ಸಾಲದು, ಮನೆಯ ಬೆಂಬಲವಿಲ್ಲ ಎಂದು ಅಧ್ಯಾಪಕರು ಕಾರಣ ಹೇಳುತ್ತಿದ್ದರು. ಟ್ರೈಸ್‌ಮನ್ ಎರಡೂ ಗುಂಪಿನವರು ಓದುವ ಜಾಗಕ್ಕೇ ಹೋಗಿ ನೋಡಿದರು. ಕಪ್ಪು ವಿದ್ಯಾರ್ಥಿಗಳು ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದವರು ತಾವು ಮಾಡಿದ ಲೆಕ್ಕವನ್ನು ರಾತ್ರಿ ಜೊತೆ ಕೂತು ಪರಸ್ಪರ ತಿದ್ದಿಕೊಳ್ಳುತ್ತಿದ್ದರು. ಆಮೇಲೆ ಟ್ರೈಸ್‌ಮನ್ ಕಟ್ಟಿದ ಕಾರ್ಯಾಗಾರದಲ್ಲಿ ಸುಲಭದ ಲೆಕ್ಕಗಳಿರಲಿಲ್ಲ. ಗುಂಪಾಗಿ ಕೂತು ಬಿಡಿಸಬೇಕಾದ ಕಠಿಣ ಲೆಕ್ಕಗಳನ್ನೇ ಕೊಟ್ಟರು, ವಿದ್ಯಾರ್ಥಿಗಳು ಗೆದ್ದರು.

ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಹೇಳಿಕೊಡುವುದು ನಮಗೆ ಹೊಸದೇನಲ್ಲ. ಕೂಲಿಮಠಗಳಲ್ಲಿ ದೊಡ್ಡ ಹುಡುಗರೇ ಚಿಕ್ಕವರಿಗೆ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮದರಾಸಿನಲ್ಲಿ ಇಂಥದ್ದನ್ನು ಕಂಡ ಬ್ರಿಟಿಷ್ ಪಾದ್ರಿ ಆಂಡ್ರ್ಯೂ ಬೆಲ್ ತಾನು ನಡೆಸುತ್ತಿದ್ದ ಅನಾಥಾಲಯದ ಶಾಲೆಯಲ್ಲಿ ಅದನ್ನು ಅಳವಡಿಸಿ, 1797ರಲ್ಲಿ ಆ ಬಗ್ಗೆ ಬರೆದು ಇಂಗ್ಲೆಂಡಿಗೂ ಒಯ್ದ. ಹಾಸ್ಟೆಲ್‌ಗಳ ಕಂಬೈಂಡ್ ಸ್ಟಡಿ ಇಂದಿಗೂ ನಡೆಯುತ್ತಿದೆ. ಆದರೆ ಅದು ಗೆಳೆಯರ ಬಳಗವಿದ್ದವರಿಗೆ ಮಾತ್ರ ಸಿಗುವ ಭಾಗ್ಯ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷಿಗೆ ಬಿದ್ದ ಹುಡುಗಿ, ದಿನವೂ ಊರಿಂದ ಓಡಾಡುವ ಹುಡುಗ ಅದರಿಂದ ಹೊರಗುಳಿಯುತ್ತಾರೆ. ಇಂಥವರು ಅಧ್ಯಾಪಕರ ಮುಂದೆ ಕೈ ಎತ್ತಲು ಹಿಂಜರಿದರೂ ಸೀನಿಯರ್ ಅಕ್ಕನನ್ನು ಕನ್ನಡದಲ್ಲೇ ಕೇಳಬಲ್ಲರು.

ಫಲ ಸಿಗುತ್ತದೆಯೇ? ಸಂಶೋಧಕ ಫಿಲಿಪ್ ಡಾಸನ್ ಮತ್ತು ಸಂಗಡಿಗರು 2001ರಿಂದ 2010ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಸೆಷನ್‌ಗೆ ಬಂದವರ ಸರಾಸರಿ ಅಂಕ ಹೆಚ್ಚು, ಫೇಲಾಗುವುದು ಕಡಿಮೆ. ಆದರೆ ಬರುವವರು ಸ್ವಂತ ಇಚ್ಛೆಯಿಂದ ಬರುತ್ತಾರೆ. ಓದುವ ಹುಮ್ಮಸ್ಸು ಮೊದಲೇ ಇದ್ದವರೇ ಬಂದಿದ್ದರೆ ಆ ಅಂಕದ ಕೀರ್ತಿ ಸೆಷನ್‌ಗೆ ಪೂರ್ತಿ ಸಲ್ಲುವುದಿಲ್ಲ. ಇದನ್ನು ಬಿಡಿಸಲು ಆಸ್ಟ್ರೇಲಿಯಾದ ವಲ್ಲೊಂಗಾಂಗ್ ವಿಶ್ವವಿದ್ಯಾಲಯದ ಸಂಶೋಧಕರು, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ ಒಂದಷ್ಟು ವಿದ್ಯಾರ್ಥಿಗಳಿಗೆ ಮಾತ್ರ ಸೆಷನ್‌ಗೆ ಬರಲು ಆಮಿಷ ಒಡ್ಡಿ ಫಲಿತಾಂಶ ನೋಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲೂ ಲಾಭ ಕಂಡಿತು, ಆದರೆ ಸಾಧಾರಣ ಪ್ರಮಾಣದಲ್ಲಿ. ಪವಾಡವನ್ನು ನಿರೀಕ್ಷಿಸದೆ ಈ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು. ಬಂದವರ ಅಂಕವನ್ನು ಬಾರದವರ ಅಂಕಕ್ಕೆ ಹೋಲಿಸಿ ಖುಷಿಪಡುವ ಮೊದಲು, ಇಬ್ಬರ ಪಿಯುಸಿ ಅಂಕ ಎಷ್ಟಿತ್ತು ಎಂದು ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ಮುಂದಿನ ಸೆಮಿಸ್ಟರ್‌ಗೆ ‘ಸ್ಲೋ ಲರ್ನರ್ಸ್’ ಪಟ್ಟಿ ಮಾಡುವ ಮೊದಲು, ಕಳೆದ ಮೂರು ವರ್ಷದ ಫಲಿತಾಂಶ ತೆಗೆದು ಅತಿ ಹೆಚ್ಚು ಮಂದಿ ಫೇಲಾದ ಒಂದೇ ಒಂದು ವಿಷಯ ಆರಿಸಿಕೊಳ್ಳಿ. ಅದನ್ನು ಚೆನ್ನಾಗಿ ಪಾಸು ಮಾಡಿದ, ತಾಳ್ಮೆಯಿಂದ ಕೇಳಬಲ್ಲ ಇಬ್ಬರು ಸೀನಿಯರ್‌ಗಳನ್ನು ಕರೆಯಿರಿ, ಅವರ ಸಮಯಕ್ಕೆ ಸಂಭಾವನೆ ಕೊಡಿ, ಬಸ್ಸಿನ ವೇಳೆ ನೋಡಿ ಕೋಣೆ ಗೊತ್ತುಮಾಡಿ. ಮೊದಲ ತಿಂಗಳು ನೀವೋ ನಿಮ್ಮ ಅಧ್ಯಾಪಕರೊಬ್ಬರೋ ಆ ಕೋಣೆಯ ಕಡೆಯ ಬೆಂಚಿನಲ್ಲಿ ಸುಮ್ಮನೆ ಕೂತು ನೋಡಿ.