ಧಾರಣೆ ಬಿದ್ದಾಗ ಹುಟ್ಟಿದ ಕ್ಯಾಂಪ್ಕೊ

ವಿಟ್ಲ, ಕಲ್ಲಡ್ಕದ ಕಡೆಯಿಂದ ಅಡಿಕೆ ಹೇರಿಕೊಂಡ ಲಾರಿ ಮಂಗಳೂರಿನ ಬಂದರಿಗೆ ಹೋಗುವುದು ಬಿ.ಸಿ. ರೋಡು, ಫರಂಗಿಪೇಟೆಯ ದಾರಿಯಲ್ಲಿ. ಬಂದರಿನಲ್ಲಿ ವ್ಯಾಪಾರಿ ಹೇಳಿದ್ದೇ ಧಾರಣೆ. ಬೇಡವೆಂದು ವಾಪಸು ತಂದರೆ, ಅಡಿಕೆಯನ್ನು ಬೇಯಿಸಿ ಉಣ್ಣಲಾದೀತೇ? 1970ರ ದಶಕದ ಆರಂಭದಲ್ಲಿ ಧಾರಣೆ ನೆಲಕಚ್ಚಿದಾಗ ಬೆಳೆಗಾರನ ಕೈಯಲ್ಲಿ ಏನೂ ಉಳಿಯಲಿಲ್ಲ.

ಇದರ ಮೇಲೆ 1956ರ ಗಂಟು ಬೇರೆ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ, ಒಂದೇ ಅಡಿಕೆ ಸೀಮೆ ಎರಡು ಸರಕಾರಗಳ ಪಾಲಾಗಿತ್ತು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮುಂದಾಗಿ ಕಟ್ಟಿದ ಸಹಕಾರಿ ಸಂಸ್ಥೆ ಈ ಗಡಿಯನ್ನೇ ದಾಟಿತು. 1973ರ ಜುಲೈ 11ರಂದು, ಕರ್ನಾಟಕ ಮತ್ತು ಕೇರಳದ ಜಂಟಿ ಉದ್ಯಮವಾಗಿ ಕ್ಯಾಂಪ್ಕೊ ಶುರುವಾಯಿತು.

ಅದು ಕಂಡುಕೊಂಡ ಉಪಾಯ ಸರಳ. ಇದ್ದಬದ್ದ ಅಡಿಕೆಯನ್ನೆಲ್ಲ ಕೊಳ್ಳಬೇಕಾಗಿಲ್ಲ; ಓಡಿಹೋಗದ ಒಬ್ಬ ಖರೀದಿದಾರ ಮಾರುಕಟ್ಟೆಯಲ್ಲಿದ್ದರೆ ಸಾಕು. ಕ್ಯಾಂಪ್ಕೊ ಒಂದು ಧಾರಣೆ ಹೇಳಿದರೆ ಅದಕ್ಕಿಂತ ತೀರಾ ಕಡಿಮೆ ಹೇಳಲು ಬೇರೆ ವ್ಯಾಪಾರಿಗೂ ಬಾಯಿ ಬಾರದು. ಅಲ್ಲಿಗೆ ಒಂದು ಚೀಲವನ್ನೂ ಹಾಕದವನಿಗೂ ಇದರ ಲಾಭ ಸಿಗುತ್ತದೆ. ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ಇದೇ.

ಇದರ ಪರೀಕ್ಷೆ ಕೊಕ್ಕೊದಲ್ಲಿ ಆಯಿತು. ಅಡಿಕೆಯ ನೆರಳಿನಲ್ಲಿ ಬೆಳೆಯುವ ಮಿಶ್ರಬೆಳೆಯೆಂದು ಕೊಕ್ಕೊ ತೋಟಗಳಿಗೆ ಬಂದಿತ್ತು; ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದಲ್ಲೂ ಇದರ ಪ್ರಯೋಗ ನಡೆದಿತ್ತು. 1980ರ ಆಸುಪಾಸಿನಲ್ಲಿ ಬೆಲೆ ಬಿತ್ತು, ಕೊಳ್ಳುತ್ತಿದ್ದ ಖಾಸಗಿಯವರು ಹಿಂದೆ ಸರಿದರು. ಅಡಿಕೆಯಾದರೆ ಒಣಗಿಸಿ ಅಟ್ಟದಲ್ಲಿಟ್ಟು ಕಾಯಬಹುದು. ಕೊಕ್ಕೊದ ಹಸಿಬೀಜ ಕಾಯುವುದಿಲ್ಲ, ಕೆಡುತ್ತದೆ. ಎರಡೂ ಸರಕಾರಗಳು ಕ್ಯಾಂಪ್ಕೊವನ್ನು ಕೇಳಿಕೊಂಡವು, ಅದು ಖರೀದಿಗೆ ಇಳಿಯಿತು. ಕೊಂಡದ್ದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನ ಚಾಕಲೇಟು ಕಾರ್ಖಾನೆ ಬಂತು.

ಬಿಕ್ಕಟ್ಟು ಕುತ್ತಿಗೆಗೆ ಬಾರದೆ ಸರಕಾರಗಳು ಕದಲುವುದು ಕಡಿಮೆ. ಆದರೆ ಕದಲಿದ ಸರಕಾರ ಕೆಲಸ ಒಪ್ಪಿಸುವುದಕ್ಕೆ ಊರಲ್ಲಿ ಒಂದು ಸಂಸ್ಥೆ ಬೇಕಲ್ಲ? 1973ರಲ್ಲಿ ಅದನ್ನು ಕಟ್ಟದಿದ್ದರೆ ಕೊಕ್ಕೊ ಬೆಳೆದವರಿಗೆ ಹೆಚ್ಚೆಂದರೆ ಒಂದಿಷ್ಟು ಪರಿಹಾರಧನ ಸಿಗುತ್ತಿತ್ತು.

ಧಾರಣೆ ಏರಿದಾಗ ಹೊರಗೆ ಮಾರಿ, ಬಿದ್ದಾಗ ಮಾತ್ರ ಕ್ಯಾಂಪ್ಕೊದ ಮೆಟ್ಟಿಲು ಹತ್ತುವ ಬೆಳೆಗಾರರಲ್ಲಿ ಒಂದು ಮನವಿ: ಒಳ್ಳೆಯ ವರ್ಷದಲ್ಲೂ ನಾಲ್ಕು ಚೀಲ ಅಲ್ಲಿಗೇ ಹಾಕಿ.