ಧ್ವನಿವರ್ಧಕಗಳ ಗುಣನಿರ್ಣಯ: ಅಭಿರುಚಿಯೋ, ಅಳತೆಯೋ?

ಮನೆಯ ಸ್ಟೀರಿಯೋ ಧ್ವನಿವರ್ಧಕಗಳ ವಿಷಯದಲ್ಲಿ ಕೇಳುಗರಿಗೆ ಒಮ್ಮತವಿಲ್ಲ. ಒಬ್ಬರಿಗೆ ಇಂಪೆನಿಸಿದುದು ಇನ್ನೊಬ್ಬರಿಗೆ ಕರ್ಕಶ. ಇದು ಕೇವಲ ಅಭಿರುಚಿಭೇದವಾದರೆ ಶ್ರವಣಪರೀಕ್ಷೆಗೆ ಶಾಸ್ತ್ರೀಯವಾದ ಬೆಲೆ ಉಳಿಯಲಾರದು.

ಆದರೆ ಈ ಭೇದಕ್ಕೆ ಅನ್ಯ ಕಾರಣಗಳೂ ಉಂಟು. ಮೊದಲನೆಯದು ಕೊಠಡಿ. 4 ಮೀಟರ್ ಉದ್ದದ ಕೊಠಡಿಯಲ್ಲಿ ಸೆಕೆಂಡಿಗೆ ಸುಮಾರು 43 ಕಂಪನಗಳ ಸ್ವರವು ಅನುರಣಿಸಿ, ಕೊನೆಯ ಗೋಡೆಗಳ ಬಳಿ ಪ್ರಬಲವಾಗಿಯೂ ನಡುವೆ ಕ್ಷೀಣವಾಗಿಯೂ ಕೇಳುತ್ತದೆ. ಎರಡನೆಯದು ಶಬ್ದದ ಮಟ್ಟ. ಅದು ಇಳಿದಂತೆ ಮಂದ್ರಸ್ವರಗಳು ಕಿವಿಗೆ ಇತರ ಸ್ವರಗಳಿಗಿಂತ ಬೇಗನೆ ಮಂಕಾಗುತ್ತವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದರು. ಮೂರನೆಯದು ಕಣ್ಣು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 40 ಮಂದಿಗೆ ನಾಲ್ಕು ಧ್ವನಿವರ್ಧಕಗಳನ್ನು ತೆರೆಯ ಮರೆಯಲ್ಲಿಯೂ ಕಣ್ಣೆದುರಿನಲ್ಲಿಯೂ ಕೇಳಿಸಲಾಯಿತು. ಕಂಡು ಕೇಳಿದಾಗ ಅಂಕಗಳು ಬದಲಾದುವು. ಧ್ವನಿಯಲ್ಲಿ ನಿಜವಾಗಿ ಆದ ವ್ಯತ್ಯಾಸಗಳನ್ನು ಗುರುತಿಸುವ ಶಕ್ತಿಯೂ ಕುಂದಿತು.

ಈ ಮೂರು ಕಾರಣಗಳನ್ನು ನಿಯಂತ್ರಿಸಿ ಕೇಳಿಸಿದರೆ ಮತಭೇದ ಬಹುಮಟ್ಟಿಗೆ ಅಡಗುತ್ತದೆ. ಎಲ್ಲ ಕಂಪನಾಂಕಗಳನ್ನೂ ಏರುಪೇರಿಲ್ಲದೆ ಹೊರಡಿಸುವ ಧ್ವನಿವರ್ಧಕವನ್ನೇ ಬಹುಮಂದಿ ಮೆಚ್ಚುತ್ತಾರೆಂಬುದು ಟೂಲ್ 1986ರಲ್ಲಿ ಪ್ರಕಟಿಸಿದ ಫಲಿತಾಂಶ. ಆದುದರಿಂದ ಭೇದವೆಲ್ಲವನ್ನೂ ಅಭಿರುಚಿಯ ಮೇಲೆ ಹೊರಿಸುವ ಮುನ್ನ, ಅದರಲ್ಲಿ ಕೊಠಡಿ, ಮಟ್ಟ, ಕಣ್ಣುಗಳ ಪಾಲೆಷ್ಟೆಂಬುದನ್ನು ಕಳೆದು ನೋಡುವುದು ಉಚಿತ.